ಸೆಪ್ಸಿಸ್ ಆಗಿ ಐಸಿಯುನಲ್ಲಿರುವ ಅಪ್ಪನಿಗೆ ಗಂಟೆಗೆ 20 ಎಂಎಲ್ ಫೀಡ್ ಸಾಕಾ?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ವಯಸ್ಸು 64, ತೂಕ ಸುಮಾರು 60 ಕೆಜಿ. ಸಕ್ಕರೆ ಕಾಯಿಲೆ ಹಳೆಯದು. ಆದರೂ ಅಡಿಕೆ ತೋಟ ಸುತ್ತಿಕೊಂಡು ಗಟ್ಟಿಯಾಗಿಯೇ ಇದ್ದರು. ಹೋದ ವಾರ ಉರಿಮೂತ್ರ, ಚಳಿಜ್ವರ ಶುರುವಾಯಿತು. ಊರಲ್ಲೇ ಮಾತ್ರೆ ತಗೊಂಡರು, ಇಳಿಯಲಿಲ್ಲ. ಆಮೇಲೆ ಏನೇನೋ ಮಾತಾಡೋಕೆ ಶುರು ಮಾಡಿದರು, ಬಿಪಿ ಬಿದ್ದುಹೋಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ಸೇರಿಸಿದೆವು. ಮೂತ್ರದ ಸೋಂಕಿನಿಂದ ಸೆಪ್ಸಿಸ್ ಆಗಿದೆ, ಅಂದರೆ ಸೋಂಕಿಗೆ ದೇಹವೇ ಕೆರಳಿ ಅಂಗಾಂಗಗಳಿಗೆ ಏಟು ಬಿದ್ದಿದೆ ಎಂದರು.

ಈಗ ಐಸಿಯುನಲ್ಲಿ ಮೂರನೇ ದಿನ. ವೆಂಟಿಲೇಟರ್ ಹಾಕಿದ್ದಾರೆ. ಬಿಪಿ ಏರಿಸೋಕೆ ನಾರ್‌ಅಡ್ರಿನಲಿನ್ ಹೋಗುತ್ತಿದೆ, ನಿನ್ನೆಗಿಂತ ಇವತ್ತು ಕಡಿಮೆ ಮಾಡಿದ್ದೇವೆ ಅಂದರು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.8 ಇದೆ, ಜಾಸ್ತಿ. ಡಯಾಲಿಸಿಸ್ ಸದ್ಯಕ್ಕೆ ಬೇಡ ಎಂದಿದ್ದಾರೆ.

ನನ್ನ ಚಿಂತೆ ಊಟದ್ದು. ಮೂಗಿನ ಟ್ಯೂಬಲ್ಲಿ ಗಂಟೆಗೆ 20 ಎಂಎಲ್ ಮಾತ್ರ ಬಿಡುತ್ತಿದ್ದಾರೆ. ಎರಡು ದೊಡ್ಡ ಚಮಚದಷ್ಟೂ ಇಲ್ಲ. ದೊಡ್ಡಪ್ಪ ಬಂದು ನೋಡಿ, "ಹೊಟ್ಟೆಗೆ ಹಾಕದೆ ಇವನು ಎದ್ದು ಕೂರೋದು ಹೇಗೆ" ಅಂತ ಕಣ್ಣೀರು ಹಾಕಿದರು. ಅಮ್ಮ ದಿನಾ ಫ್ಲಾಸ್ಕಲ್ಲಿ ರಾಗಿ ಅಂಬಲಿ ತರುತ್ತಾರೆ, ಸಿಸ್ಟರ್ ಬೇಡ ಅನ್ನುತ್ತಾರೆ. ಎಳನೀರೂ ಬೇಡ ಅಂದರು. ಅಪ್ಪನ ಕಾಲು ನೋಡಿದರೆ ಈಗಲೇ ಸಣ್ಣಗಾದ ಹಾಗೆ ಕಾಣುತ್ತದೆ.

ನೆಂಟರೊಬ್ಬರು ಪ್ರೋಟೀನ್ ಪುಡಿ, ಗ್ಲುಟಮಿನ್ (ಪ್ರೋಟೀನಿನ ಒಂದು ಘಟಕ) ಪೊಟ್ಟಣ, ವಿಟಮಿನ್ ಸಿ ಇಂಜೆಕ್ಷನ್ ಎಲ್ಲಾ ಹೊರಗಿಂದ ತಂದುಕೊಡಬಹುದು, ಡಾಕ್ಟರನ್ನು ಒತ್ತಾಯ ಮಾಡಿ ಅನ್ನುತ್ತಿದ್ದಾರೆ. ದುಡ್ಡು ಹೇಗೋ ಹೊಂದಿಸುತ್ತೇವೆ. ನಾವು ಕೇಳದೆ ಇದ್ದಿದ್ದಕ್ಕೆ ಅಪ್ಪನಿಗೆ ಕಡಿಮೆ ಆಗಬಾರದು. ಗೊತ್ತಿರುವವರು ಹೇಳಿ.

ಹಾವೇರಿಯವನು:

ಧೈರ್ಯವಾಗಿರಿ ತಂಗಿ. ನಮ್ಮ ಮಾವನವರಿಗೂ 2012ರಲ್ಲಿ ಹೀಗೇ ಆಗಿತ್ತು. ಅವರಿಗೆ ಹೊಟ್ಟೆಯೊಳಗೆ ಕೀವು ಆಗಿ ಸೆಪ್ಸಿಸ್. ಆಗ ಗ್ಲುಟಮಿನ್ ಡ್ರಿಪ್ ಮೂಲಕ ಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ, ಬಾಟಲಿ ನಾನೇ ಓಡಿ ತಂದುಕೊಟ್ಟಿದ್ದೆ. ಮಾವ ಹುಷಾರಾಗಿ ಮನೆಗೆ ಬಂದರು, ಈಗಲೂ ಹೊಲಕ್ಕೆ ಹೋಗುತ್ತಾರೆ. ಹಾಗಾಗಿ ಒಂದು ಸಲ ಕೇಳಿ ನೋಡೋದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ವಿಟಮಿನ್ ಸಿ ಬಗ್ಗೆಯೂ ತುಂಬಾ ಓದಿದ್ದೇನೆ. ವಿಟಮಿನ್ನಿಂದ ತೊಂದರೆ ಏನು ಆಗುತ್ತದೆ, ಅಲ್ವಾ?

ಐಸಿಯು ಡಯಟೀಷಿಯನ್, ಮೈಸೂರು:

ಮಲೆನಾಡ ಮಗಳು ಅವರೇ, ನಾನು ಐಸಿಯುನಲ್ಲಿ ಡಯಟೀಷಿಯನ್. ದಿನಾ ಬೆಳಿಗ್ಗೆ ರೌಂಡ್ಸಿನಲ್ಲಿ ನನ್ನ ಕೈಯಲ್ಲಿರುವುದು ಇದೇ ಫೀಡ್ ಚಾರ್ಟ್. ನಿಮ್ಮ ಅಪ್ಪನನ್ನು ನೋಡುತ್ತಿರುವ ಡಾಕ್ಟರ್ ಮಾತೇ ಕೊನೆಯದು. ಆದರೆ ನೀವು ಬರೆದಿದ್ದನ್ನು ಓದಿದರೆ ಅಲ್ಲಿ ಮಾಡುತ್ತಿರುವುದು ಸರಿಯಾಗಿಯೇ ಇದೆ ಅನಿಸುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ 20 ಎಂಎಲ್ ಲೆಕ್ಕ. ಸಾಮಾನ್ಯವಾಗಿ ಟ್ಯೂಬ್ ಫೀಡಿನಲ್ಲಿ 1 ಎಂಎಲ್‌ಗೆ 1 ಕ್ಯಾಲೊರಿ ಇರುತ್ತದೆ. ಗಂಟೆಗೆ 20 ಅಂದರೆ 24 ಗಂಟೆಗೆ 480 ಕ್ಯಾಲೊರಿ. ಇನ್ನೊಂದು ವಿಷಯ ಮನೆಯವರಿಗೆ ಯಾರೂ ಹೇಳುವುದಿಲ್ಲ. ವೆಂಟಿಲೇಟರಿನಲ್ಲಿ ಮಲಗಿಸಲು ಹಾಲಿನ ಥರ ಬೆಳ್ಳಗಿರುವ ಔಷಧಿ ಹೋಗುತ್ತಿದೆಯಾ ನೋಡಿ. ಅದು ಪ್ರೊಪೊಫಾಲ್. ಅದು ಎಣ್ಣೆಯಲ್ಲಿ ಕಲಸಿದ ಔಷಧಿ, ಒಂದೊಂದು ಎಂಎಲ್‌ನಲ್ಲೂ 1.1 ಕ್ಯಾಲೊರಿ ಇರುತ್ತದೆ. ಗಂಟೆಗೆ 10 ಎಂಎಲ್ ಹೋಗುತ್ತಿದ್ದರೆ ದಿನಕ್ಕೆ ಅದೇ 264 ಕ್ಯಾಲೊರಿ ಆಯಿತು. ನಾವು ಇದನ್ನೆಲ್ಲಾ ಕೂಡಿಸಿಯೇ ಫೀಡ್ ಬರೆಯುವುದು.

60 ಕೆಜಿ ಮನುಷ್ಯನಿಗೆ ಪೂರ್ತಿ ಅಂದರೆ ಸುಮಾರು 1500 ಕ್ಯಾಲೊರಿ. ಹಾಗಾದರೆ ಮೊದಲ ದಿನದಿಂದಲೇ 1500 ಯಾಕೆ ಕೊಡುವುದಿಲ್ಲ? ಸೆಪ್ಸಿಸ್ ಶುರುವಾದ ಮೊದಲ ದಿನಗಳಲ್ಲಿ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಲಿವರಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತಿರುತ್ತದೆ. ಆರೋಗ್ಯವಾಗಿರುವವರಿಗೆ ಊಟ ಕೊಟ್ಟರೆ ಆ ಕೆಲಸ ನಿಲ್ಲುತ್ತದೆ. ಸೆಪ್ಸಿಸ್‌ನಲ್ಲಿ ನಿಲ್ಲುವುದಿಲ್ಲ. ಹೊರಗಿಂದ ನಾವು ಪೂರ್ತಿ ಕೊಟ್ಟರೆ ಒಳಗೆ ತಯಾರಾಗುವುದೂ ಸೇರಿ ಜಾಸ್ತಿ ಆಗುತ್ತದೆ. ಸಕ್ಕರೆ ಏರುತ್ತದೆ, ವಾಂತಿ ಭೇದಿ ಆಗುತ್ತದೆ. ನೆರೆ ನುಗ್ಗುತ್ತಿರುವಾಗ ತೋಟಕ್ಕೆ ಗೊಬ್ಬರ ಹಾಕಿದರೆ ಗಿಡಕ್ಕೆ ಸಿಗುತ್ತದಾ? ನೀರು ಇಳಿಯಬೇಕು.

ಜೊತೆಗೆ ನಾರ್‌ಅಡ್ರಿನಲಿನ್ ಹೋಗುತ್ತಿದೆ ಅಂದಿರಿ. ಬಿಪಿ ಬಿದ್ದಾಗ ದೇಹ ಮಿದುಳು, ಹೃದಯಕ್ಕೆ ರಕ್ತ ಉಳಿಸಿಕೊಂಡು ಕರುಳಿಗೆ ಕಡಿಮೆ ಮಾಡುತ್ತದೆ. ಆ ಹೊತ್ತಲ್ಲಿ ಕರುಳಿಗೆ ಜೋರಾಗಿ ಕೆಲಸ ಕೊಡಬಾರದು. ಫ್ರಾನ್ಸಿನಲ್ಲಿ ವೆಂಟಿಲೇಟರಿನಲ್ಲಿದ್ದ, ಬಿಪಿ ಔಷಧಿ ಹೋಗುತ್ತಿದ್ದ 2410 ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿದರು, 2018ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಬೇಗನೆ ಟ್ಯೂಬಿನಲ್ಲಿ ಪೂರ್ತಿ ಫೀಡ್, ಇನ್ನರ್ಧ ಜನಕ್ಕೆ ರಕ್ತನಾಳದ ಮೂಲಕ ಪೋಷಣೆ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಟ್ಯೂಬಿನಲ್ಲಿ ಪೂರ್ತಿ ಕೊಟ್ಟವರಲ್ಲಿ ನೂರಕ್ಕೆ ಇಬ್ಬರಿಗೆ ಕರುಳಿಗೆ ರಕ್ತ ನಿಂತು ತೊಂದರೆ ಆಯಿತು, ಇನ್ನೊಂದು ಗುಂಪಿನಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಅದೇ ದೇಶದಲ್ಲಿ 3044 ಜನರ ಮೇಲೆ ಇನ್ನೊಂದು ನಡೆಯಿತು, 2023ರಲ್ಲಿ ಬಂತು. ಮೊದಲ ವಾರ ಒಂದು ಗುಂಪಿಗೆ ಕೆಜಿಗೆ 25 ಕ್ಯಾಲೊರಿ, ಇನ್ನೊಂದಕ್ಕೆ ಬರೀ 6. ಕಡಿಮೆ ಕೊಟ್ಟವರಲ್ಲಿ ಸಾವು ಹೆಚ್ಚಲಿಲ್ಲ. ವಾಂತಿ, ಭೇದಿ, ಕರುಳಿನ ತೊಂದರೆ ಕಡಿಮೆಯಾಯಿತು. ಐಸಿಯುನಿಂದ ಹೊರಗೆ ಕಳಿಸಬಹುದು ಅನ್ನುವ ಸ್ಥಿತಿಗೆ ಒಂದು ದಿನ ಬೇಗ ಬಂದರು. ನಿಮ್ಮ ಅಪ್ಪನ ತೂಕಕ್ಕೆ ಕೆಜಿಗೆ 6 ಅಂದರೆ 360 ಕ್ಯಾಲೊರಿ. ಅವರಿಗೆ ಈಗ ಸಿಗುತ್ತಿರುವುದು 480. ದೊಡ್ಡಪ್ಪನವರಿಗೆ ಈ ಲೆಕ್ಕ ಹೇಳಿ, ಸ್ವಲ್ಪ ಸಮಾಧಾನ ಆಗಬಹುದು. ಪೂರ್ತಿ ನಿಲ್ಲಿಸಿಬಿಡುವುದೂ ತಪ್ಪೇ. ಸ್ವಲ್ಪವಾದರೂ ಕರುಳಿಗೆ ಹೋಗುತ್ತಿರಬೇಕು, ಮೊದಲ ಎರಡು ಮೂರು ದಿನದಲ್ಲಿ ಶುರು ಮಾಡಬೇಕು. ಅದನ್ನು ಅವರು ಮಾಡಿದ್ದಾರೆ.

ಕಾಲು ಸಣ್ಣಗಾಗಿದ್ದು ನಿಮ್ಮ ಭ್ರಮೆ ಅಲ್ಲ. ಲಂಡನ್ನಿನಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದು ನೋಡಿದ್ದಾರೆ. 10 ದಿನದಲ್ಲಿ ಸುಮಾರು 18% ಕರಗಿತ್ತು. ಮನೆಯವರಿಗೆ ಇದನ್ನು ನೋಡುವುದು ತುಂಬಾ ಸಂಕಟ. ಆದರೆ ಅದಕ್ಕೆ ಮೊದಲ ವಾರದಲ್ಲೇ ಪ್ರೋಟೀನ್ ಸುರಿಯುವುದು ಉತ್ತರ ಅಲ್ಲ ಅಂತ ಈಗ ಗೊತ್ತಾಗಿದೆ. 16 ದೇಶಗಳಲ್ಲಿ 1301 ರೋಗಿಗಳಿಗೆ ಪ್ರೋಟೀನ್ ಹೆಚ್ಚು ಕಡಿಮೆ ಕೊಟ್ಟು ನೋಡಿದರು, 2023ರದ್ದೇ ಇದು. ಕೆಜಿಗೆ 2.2 ಗ್ರಾಂ ಮತ್ತು ಮೇಲೆ ಕೊಟ್ಟವರು ಬೇಗ ಮನೆಗೆ ಹೋಗಲಿಲ್ಲ. ಕಿಡ್ನಿಗೆ ಏಟು ಬಿದ್ದವರಲ್ಲಿ ತೊಂದರೆಯೇ ಆದ ಹಾಗೆ ಕಂಡಿತು. ನಿಮ್ಮ ಅಪ್ಪನ ಕ್ರಿಯಾಟಿನಿನ್ 2.8. ದಯವಿಟ್ಟು ಈಗ ಪುಡಿಯ ಡಬ್ಬ ತರಬೇಡಿ. ನಿಧಾನವಾಗಿ ಏರಿಸಿ, ಕೆಜಿಗೆ 1.3 ಗ್ರಾಂ ಹತ್ತಿರ ತಲುಪಿಸುವುದು ನಮ್ಮ ರೂಢಿ. ಡಯಾಲಿಸಿಸ್ ಶುರುವಾದರೆ ಲೆಕ್ಕ ಬದಲಾಗುತ್ತದೆ. ಅದರಲ್ಲಿ ಪ್ರೋಟೀನಿನ ಅಂಶ ಹೊರಗೆ ಹೋಗುತ್ತದೆ, ಆಗ ಹೆಚ್ಚು ಬೇಕಾಗುತ್ತದೆ.

ಹಾವೇರಿಯವರೇ, ನಿಮ್ಮ ಮಾವನವರು ಹುಷಾರಾಗಿದ್ದು ಕೇಳಿ ಖುಷಿ ಆಯಿತು. 2012ರಲ್ಲಿ ಗ್ಲುಟಮಿನ್ ಅನೇಕ ಕಡೆ ಕೊಡುತ್ತಿದ್ದರು. ಗಂಭೀರವಾಗಿರುವವರ ರಕ್ತದಲ್ಲಿ ಗ್ಲುಟಮಿನ್ ಇಳಿದಿರುತ್ತದೆ, ತುಂಬಿಸಿಕೊಟ್ಟರೆ ಒಳ್ಳೆಯದಾಗಬೇಕು ಅನ್ನುವ ಯೋಚನೆ. ಮರುವರ್ಷ, 2013ರಲ್ಲಿ, 1223 ರೋಗಿಗಳ ಅಧ್ಯಯನ ಬಂತು. ಎಲ್ಲರೂ ವೆಂಟಿಲೇಟರಿನಲ್ಲಿದ್ದು, ಒಂದಕ್ಕಿಂತ ಹೆಚ್ಚು ಅಂಗ ಸೋತವರು. 28 ದಿನದೊಳಗೆ ಗ್ಲುಟಮಿನ್ ಕೊಟ್ಟವರಲ್ಲಿ 32.4% ಜನ ತೀರಿಕೊಂಡರು, ಕೊಡದವರಲ್ಲಿ 27.2%. ಆರು ತಿಂಗಳ ನಂತರ ನೋಡಿದರೂ ಕೊಟ್ಟ ಗುಂಪಿನಲ್ಲೇ ಸಾವು ಹೆಚ್ಚು. ಕಿಡ್ನಿ ಸೋತಿರುವ ನಿಮ್ಮ ಅಪ್ಪನಂಥವರಿಗೆ ನಾನು ಯಾವತ್ತೂ ಬರೆಯುವುದಿಲ್ಲ.

ವಿಟಮಿನ್ ಸಿ ಕಥೆಯೂ ಹಾಗೇ. 2017ರಲ್ಲಿ ಅಮೆರಿಕದ ವರ್ಜೀನಿಯಾದ ಒಂದು ಆಸ್ಪತ್ರೆಯಿಂದ ವರದಿ ಬಂತು. ವಿಟಮಿನ್ ಸಿ, ಥಯಾಮಿನ್ (ವಿಟಮಿನ್ ಬಿ1), ಸ್ಟೀರಾಯ್ಡ್ ಮೂರನ್ನೂ ಸೇರಿಸಿ ಕೊಟ್ಟ 47 ಜನರಲ್ಲಿ 8.5% ಸಾವು, ಅದಕ್ಕೆ ಮೊದಲು ಕೊಡದೇ ಇದ್ದ 47 ಜನರಲ್ಲಿ 40.4%. ಜಗತ್ತೇ ಎದ್ದು ಕೂತಿತು. ಆದರೆ ಅದು ಹಿಂದಿನವರನ್ನೂ ಆಮೇಲಿನವರನ್ನೂ ಹೋಲಿಸಿದ್ದು ಮಾತ್ರ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. 2020ರಲ್ಲಿ ಸರಿಯಾಗಿ ಗುಂಪು ಮಾಡಿ ನೋಡಿದಾಗ ಲಾಭ ಕಾಣಲಿಲ್ಲ. 2022ರಲ್ಲಿ ಸೆಪ್ಸಿಸ್ ಆದ 872 ಜನರಲ್ಲಿ ವಿಟಮಿನ್ ಸಿ ಒಂದನ್ನೇ ದೊಡ್ಡ ಡೋಸಿನಲ್ಲಿ ಕೊಟ್ಟು ನೋಡಿದರು. 28ನೇ ದಿನಕ್ಕೆ ಸತ್ತವರು ಅಥವಾ ಅಂಗಾಂಗ ಇನ್ನೂ ಸುಧಾರಿಸದವರು ಕೊಟ್ಟ ಗುಂಪಿನಲ್ಲಿ 44.5%, ಕೊಡದವರಲ್ಲಿ 38.5%. ಸೆಪ್ಸಿಸ್ ಚಿಕಿತ್ಸೆಯ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದಕ್ಕೂ ಮೊದಲೇ ಇದು ಬೇಡ ಎಂದಿತ್ತು. ನಿಮ್ಮ ಪ್ರಶ್ನೆ ವಿಟಮಿನ್ನಿಂದ ತೊಂದರೆ ಏನು ಅಂತ. ದೊಡ್ಡ ಡೋಸ್ ಹೋದರೆ ಕಿಡ್ನಿಯಲ್ಲಿ ಆಕ್ಸಲೇಟ್ ಅನ್ನುವ ಹರಳು ಕೂರಬಹುದು. ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಕೆಲವು ಸಲ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ನಿಜವಾದ ಸಕ್ಕರೆ ಕೆಳಗೆ ಬಿದ್ದುಹೋಗುತ್ತದೆ. ಡಯಾಬಿಟಿಸ್ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಸೆಲೆನಿಯಮ್, ವಿಟಮಿನ್ ಡಿ ದೊಡ್ಡ ಡೋಸ್, ಇವನ್ನೂ ದೊಡ್ಡ ಅಧ್ಯಯನಗಳಲ್ಲಿ ನೋಡಿ ಆಗಿದೆ. ಜೀವ ಉಳಿಸುವ ಲಾಭ ಸಿಕ್ಕಿಲ್ಲ.

ಎಳನೀರು ಯಾಕೆ ಬೇಡ ಅಂದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದೆ ಇದ್ದರೆ ಹೃದಯದ ಬಡಿತವೇ ತಪ್ಪಬಹುದು.

ಈಗ ನೀವು ನಿಜವಾಗಿ ಮಾಡಬಹುದಾದ ಕೆಲಸ ಹೇಳುತ್ತೇನೆ. ಅಪ್ಪ ಆಸ್ಪತ್ರೆಗೆ ಬರುವ ಮೊದಲು ಎಷ್ಟು ದಿನದಿಂದ ಸರಿಯಾಗಿ ಉಂಡಿರಲಿಲ್ಲ? ಈಚೆಗೆ ತೂಕ ಇಳಿದಿತ್ತಾ, ಪಂಚೆ ಸಡಿಲ ಆಗಿತ್ತಾ? ಕುಡಿಯುವ ಅಭ್ಯಾಸ ಇತ್ತಾ? ಇದು ಯಾವ ಸ್ಕ್ಯಾನಿನಲ್ಲೂ ಸಿಗುವುದಿಲ್ಲ, ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಹೋದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ. ಫಾಸ್ಫೇಟ್ ತೀರಾ ಇಳಿದರೆ ಉಸಿರಾಟದ ಸ್ನಾಯು ಸೋಲುತ್ತದೆ, ವೆಂಟಿಲೇಟರಿನಿಂದ ಬಿಡಿಸುವುದು ಕಷ್ಟ. ಅಂಥವರಿಗೆ ಮೊದಲೇ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್ ಕೊಡುತ್ತೇವೆ. ಬೆಲೆಯೂ ಕಡಿಮೆ. ನೀವು ಡಾಕ್ಟರನ್ನು ಏನಾದರೂ ಕೇಳಲೇಬೇಕು ಅಂದರೆ ಇದನ್ನು ಕೇಳಿ: "ಫಾಸ್ಫೇಟ್ ನೋಡಿದ್ದೀರಾ, ಥಯಾಮಿನ್ ಬೇಕಾ?"

ಸಿಸ್ಟರ್, ಉಡುಪಿ:

ಮೇಡಂ ಎಲ್ಲಾ ಹೇಳಿದ್ದಾರೆ. ನರ್ಸಿಂಗ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಅಮ್ಮನ ಅಂಬಲಿ ಬೇಡ ಅಂದಿದ್ದು ಅಗೌರವದಿಂದ ಅಲ್ಲ. ರೈಲ್ಸ್ ಟ್ಯೂಬ್, ಅಂದರೆ ಆ ಮೂಗಿನ ಟ್ಯೂಬ್, ಸಣ್ಣದು. ರಾಗಿ ಅಂಬಲಿ ಆರಿದ ಮೇಲೆ ಗಟ್ಟಿಯಾಗಿ ಒಳಗೇ ಕಟ್ಟಿಕೊಳ್ಳುತ್ತದೆ. ಟ್ಯೂಬ್ ಬದಲಿಸಬೇಕಾದರೆ ಮತ್ತೆ ಮೂಗಿನಿಂದ ಹಾಕಿ, ಎಕ್ಸ್‌ರೇ ತೆಗೆದು ಜಾಗ ನೋಡಬೇಕು, ಅಷ್ಟು ಹೊತ್ತು ಫೀಡ್ ನಿಲ್ಲುತ್ತದೆ. ಫ್ಲಾಸ್ಕಿನಲ್ಲಿ ಬಿಸಿಯಾಗಿ ಗಂಟೆಗಟ್ಟಲೆ ಇದ್ದ ಗಂಜಿಯಲ್ಲಿ ಕೀಟಾಣು ಬೆಳೆಯುವ ಭಯವೂ ಇದೆ.

ನೀವು ಒಳಗೆ ಹೋದಾಗ ಮಂಚದ ತಲೆಯ ಭಾಗ ಎತ್ತರಿಸಿದೆಯಾ ನೋಡಿ. 30ರಿಂದ 45 ಡಿಗ್ರಿ ಇರಬೇಕು. ಅಪ್ಪ ಜಾರಿ ಕೆಳಗೆ ಬಂದಿದ್ದರೆ ಸಿಸ್ಟರಿಗೆ ಹೇಳಿ, ನೀವೇ ಎಳೆಯಬೇಡಿ. ಚಪ್ಪಟೆ ಮಲಗಿದ್ದಾಗ ಫೀಡ್ ಹೋದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸ್ಕ್ಯಾನಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಫೀಡ್ ಮತ್ತೆ ಶುರುವಾಯಿತಾ ಅಂತ ಒಂದು ಮಾತು ಕೇಳಿ. ಗಲಾಟೆಯ ಡ್ಯೂಟಿಯಲ್ಲಿ ನಿಂತಿದ್ದು ಹಾಗೇ ಉಳಿದುಬಿಡುವುದು ಉಂಟು. ಕೇಳಿದರೆ ನಮಗೆ ಬೇಜಾರಿಲ್ಲ.

ಮಲೆನಾಡ ಮಗಳು:

ಮೇಡಂ, ಸಿಸ್ಟರ್, ಹಾವೇರಿ ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಅಪ್ಪ ಐದಾರು ದಿನದಿಂದ ಬರೀ ಕಾಫಿ, ಬಿಸ್ಕೆಟ್ ಮೇಲೆ ಇದ್ದರು ಅಂತ ಆಗ ಅಮ್ಮ ಹೇಳಿದರು. ನನಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ತಿಳಿಸಿದೆ. ಫಾಸ್ಫೇಟ್ ನೋಡಿಸಿದರು, ಕಡಿಮೆ ಬಂತು. ಡ್ರಿಪ್ಪಿನಲ್ಲಿ ಕೊಡುತ್ತಿದ್ದಾರೆ. ಥಯಾಮಿನ್ ಮೊದಲ ದಿನವೇ ಹಾಕಿದ್ದರಂತೆ. ಫೀಡ್ ಇನ್ನೂ ಒಂದು ದಿನ 20ರಲ್ಲೇ ಇರಲಿ, ಫಾಸ್ಫೇಟ್ ಸರಿಯಾದ ಮೇಲೆ ಏರಿಸೋಣ ಅಂದರು.

ಸಕ್ಕರೆ 170ರ ಹತ್ತಿರ ಇಟ್ಟಿದ್ದಾರೆ, ಮನೆಯಲ್ಲಿ ನಾವು ಇನ್ನೂ ಕೆಳಗೆ ಇಡುತ್ತಿದ್ದೆವು. ಅದು ಸರಿಯಾ? ಮತ್ತೆ ವೆಂಟಿಲೇಟರ್ ತೆಗೆದ ಮೇಲೆ ಅಮ್ಮ ಏನು ಕೊಡಬಹುದು? ಅವರಿಗೆ ಏನಾದರೂ ಮಾಡಿ ಕೊಡಲೇಬೇಕು ಅಂತ ಜೀವ ಬಡಿದುಕೊಳ್ಳುತ್ತಿದೆ.

ಐಸಿಯು ಡಯಟೀಷಿಯನ್, ಮೈಸೂರು:

ಅಮ್ಮ ಹೇಳಿದ ಆ ಒಂದು ಮಾತು ದೊಡ್ಡ ಉಪಕಾರ ಮಾಡಿತು, ಅವರಿಗೆ ಹೇಳಿ.

ಸಕ್ಕರೆ 170 ಸರಿ. ಐಸಿಯುನಲ್ಲಿ 144ರಿಂದ 180ರ ನಡುವೆ ಇಡುವುದು ಈಗಿನ ಪದ್ಧತಿ. ತೀರಾ ಬಿಗಿ ಮಾಡಲು ಹೋದರೆ ಸಕ್ಕರೆ ಕುಸಿಯುವ ಅಪಾಯ.

ವೆಂಟಿಲೇಟರ್ ಟ್ಯೂಬ್ ಗಂಟಲಿನಿಂದ ತೆಗೆದ ದಿನ ಅಮ್ಮ ತಕ್ಷಣ ಚಮಚ ಹಿಡಿಯಬಾರದು. ದಿನಗಟ್ಟಲೆ ಟ್ಯೂಬ್ ಇದ್ದ ಗಂಟಲಿಗೆ ನುಂಗುವ ಹಿಡಿತ ತಪ್ಪಿರುತ್ತದೆ. ನೀರು, ತೆಳು ಗಂಜಿ ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಶ್ವಾಸನಾಳಕ್ಕೆ ಜಾರುವುದು ಅವೇ. ನುಂಗುವುದನ್ನು ಪರೀಕ್ಷೆ ಮಾಡಿ ಹೇಳಿದ ಮೇಲೆ ಶುರು ಮಾಡಿ. ಮೊದಲು ಮಂದವಾಗಿರುವುದು ಕೊಡಲು ಹೇಳುತ್ತಾರೆ. ಅಮ್ಮನ ಅಂಬಲಿ ಆಗ ಸ್ವಲ್ಪ ಗಟ್ಟಿ ಮಾಡಿದರೆ ಸರಿಹೋಗಬಹುದು, ಮಸೆದ ಅನ್ನ ಮೊಸರು ಕೂಡ. ಅಪ್ಪನನ್ನು ನೇರ ಕೂರಿಸಿ, ಪೂರ್ತಿ ಎಚ್ಚರ ಇದ್ದಾಗ, ಸಣ್ಣ ಚಮಚದಲ್ಲಿ. ಕೆಮ್ಮಿದರೆ, ಧ್ವನಿ ಗೊರಗೊರ ಆದರೆ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಬಾಯಲ್ಲಿ ಸಾಕಷ್ಟು ಹೋಗುವವರೆಗೆ ಮೂಗಿನ ಟ್ಯೂಬ್ ಬೇಗ ತೆಗೆಸಬೇಡಿ. ಅಪ್ಪ ಕೇಳುತ್ತಾರೆ, ಕಿರಿಕಿರಿ ಅನ್ನುತ್ತಾರೆ. ಆದರೂ ಎರಡು ಮೂರು ದಿನ ತಡೆದುಕೊಳ್ಳುವುದು ಒಳ್ಳೆಯದು. ಟ್ಯೂಬ್ ತೆಗೆದ ವಾರವೇ ರೋಗಿಗೆ ಅತಿ ಕಡಿಮೆ ಊಟ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಆ ವಾರದಿಂದ ಊಟ ನಿಜವಾಗಿ ಕೆಲಸ ಮಾಡುತ್ತದೆ. ದುಡ್ಡು ಉಳಿಸಿಟ್ಟುಕೊಂಡಿದ್ದರೆ ಆಗ ಖರ್ಚು ಮಾಡಿ. 60 ಕೆಜಿಗೆ ದಿನಕ್ಕೆ 70 ಗ್ರಾಂ ಹತ್ತಿರ ಪ್ರೋಟೀನ್ ಗುರಿ ಇಟ್ಟುಕೊಳ್ಳಬಹುದು, ಕಿಡ್ನಿ ಎಷ್ಟು ಸುಧಾರಿಸಿದೆ ಅಂತ ನೋಡಿ ಡಾಕ್ಟರ್ ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ. ಬೇಳೆ, ಮೀನು, ಮೊಸರು ಸೇರಿಸಿದರೂ ಹಸಿವಿಲ್ಲದ ಮನುಷ್ಯ 70 ಮುಟ್ಟುವುದು ಕಷ್ಟ. ಆಗ ಪುಡಿ ಬೇಕಾದರೆ ನಾವೇ ಬರೆದುಕೊಡುತ್ತೇವೆ, ಡಯಾಬಿಟಿಸ್‌ಗೆ ಹೊಂದುವಂಥದ್ದು. ಮೂರು ಹೊತ್ತು ತಟ್ಟೆ ತುಂಬ ಇಡುವುದಕ್ಕಿಂತ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಜೊತೆಗೆ ಫಿಸಿಯೋಥೆರಪಿ ಬಿಡಬೇಡಿ. ಕೂರಿಸುವುದು, ನಿಲ್ಲಿಸುವುದು, ನಡೆಸುವುದು ಇಲ್ಲದೆ ಬರೀ ಪ್ರೋಟೀನಿನಿಂದ ಆ ತೊಡೆ ತುಂಬುವುದಿಲ್ಲ.

ನಾಳೆ ಫಾಸ್ಫೇಟ್ ಮತ್ತೆ ನೋಡುತ್ತಾರಾ ಕೇಳಿ. ಜೊತೆಗೆ ಮೆಗ್ನೀಸಿಯಂ ಕೂಡ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ, ಫೀಡ್ ಎಷ್ಟಕ್ಕೆ ಏರಿಸಿದರು ಅಂತಲೂ ಹೇಳಿ.